ಸೋರದ ಜಾಯಿಂಟು

ಫಿಟ್ಟರಪ್ಪನ ತಿಥಿಯ ಊಟಕ್ಕೆ ನಾನು ಹೋಗಿದ್ದೆ. ಹೋಗದೆ ಇರುವ ಹಾಗಿರಲಿಲ್ಲ. ಅವರ ಮನೆ ಮುಂದೆ, ನಮ್ಮ ಬಾಡಿಗೆ ಮನೆ ಹಿಂದೆ, ಎರಡಕ್ಕೂ ಒಂದೇ ಗೇಟು. ನಮ್ಮ ಅತ್ತೆ ಬದುಕಿದ್ದರೆ ಅಲ್ಲಿ ಎಲೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಯಿತು, ಕೂತೆ.

ಪಂಕ್ತಿಯ ಉದ್ದಕ್ಕೂ ಫಿಟ್ಟರಪ್ಪನದೇ ಮಾತು. ಒಬ್ಬರು, "ಭೂಮಿ ಒಳಗೆ ನೀರು ಓಡೋ ಸದ್ದು ಕೇಳ್ತಿದ್ದ ಪುಣ್ಯಾತ್ಮ ಕಣ್ರೀ" ಅಂದರು. ಇನ್ನೊಬ್ಬರು, "ಆ ಕೈ ಇಟ್ಟ ಜಾಯಿಂಟು ಒಂದು ಹನಿ ಸೋರಿದ್ದಿಲ್ಲ" ಅಂದರು. ಮೂರನೆಯವರು ಬರೀ ಕಣ್ಣೊರೆಸಿಕೊಂಡರು. ಆಮೇಲೆ ಬಡಿಸುತ್ತಿದ್ದ ಹೆಂಗಸು ನನ್ನ ಎಲೆಯ ಮುಂದೆ ಸೌಟು ಹಿಡಿದು ನಿಂತು, "ನೀವೂ ಎರಡು ಮಾತು ಹೇಳಿ ಅಮ್ಮಾವ್ರೇ, ಏಳು ವರ್ಷದಿಂದ ಒಂದೇ ಗೇಟಲ್ಲಿ ಓಡಾಡಿದೋರು" ಅಂದಳು.

"ಪಾಯಸಕ್ಕೆ ಏಲಕ್ಕಿ ಸ್ವಲ್ಪ ಹೆಚ್ಚಾಗಿದೆ" ಅಂದೆ.

ಅಲ್ಲಿ ಹೇಳಲಾಗದ ಎರಡು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಬೀದಿಯವರು ಅವರನ್ನು ಫಿಟ್ಟರಪ್ಪ ಅನ್ನುತ್ತಿದ್ದರು. ನೀರು ಸರಬರಾಜಿನ ಕೆಲಸದಲ್ಲಿ ಫಿಟ್ಟರಾಗಿದ್ದು ರಿಟೈರಾದವರು. ರಿಟೈರಾದ ಮೇಲೂ ಖಾಕಿ ಅಂಗಿ ಬಿಡಲಿಲ್ಲ. ಎಡಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲು. ಬೆರಳುಗಳ ತುದಿ ಚಪ್ಪಟೆ, ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಕಪ್ಪು ಗೆರೆ. ಕಾಲಿಗೆ ಮೋಟಾರಿನ ಟೈರು ಕತ್ತರಿಸಿ ಮಾಡಿದ ಮೆಟ್ಟು. ಪೆನ್ಷನ್ ಬರುವ ಮನುಷ್ಯ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಳ್ಳಬಾರದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿತ್ತು. ಅವರ ಸೊಂಟದಲ್ಲಿ ಬೆಲ್ಟು ಇರಲಿಲ್ಲ, ಮಡಿಚಿ ಹೊಲಿದ ಒಂದು ಬಟ್ಟೆಯ ಪಟ್ಟಿ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿ, ಎದುರಿಗಿರುವ ಬುಟ್ಟಿಯಲ್ಲಿ ಏನೇನಿತ್ತು ಅಂತ ಕಣ್ಣು ಮುಚ್ಚಿಸಿ ಹೇಳಿಸುತ್ತಿದ್ದರು. ಆ ಆಟದಲ್ಲಿ ನನಗೆ ಬಹುಮಾನ ಬರುತ್ತಿತ್ತು. ಕಂಡದ್ದನ್ನೆಲ್ಲ ನಾನು ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದರಿಂದ ಏನು ಪ್ರಯೋಜನವಾಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಅವರ ಹತ್ತಿರ ಒಂದು ಕೋಲಿತ್ತು. ಕರೀ ಮರದ್ದು, ಮೊಳಕ್ಕಿಂತ ಉದ್ದ, ಒಂದು ತುದಿಯಲ್ಲಿ ಬಟ್ಟಲಿನ ಹಾಗೆ ಕೊರೆದದ್ದು. ಒಂದು ತುದಿ ಪೈಪಿನ ಮೇಲೆ, ಬಟ್ಟಲಿನ ತುದಿ ಕಿವಿಗೆ. ಕಣ್ಣು ಮುಚ್ಚಿ ಹಾಗೇ ಬಗ್ಗಿ ನಿಂತರೆ, ನೆಲದೊಳಗೆ ಎಲ್ಲಿ ನೀರು ಸೋರುತ್ತಿದೆ ಅಂತ ಹೇಳುತ್ತಿದ್ದರು. ತಿಥಿಯ ಪಂಕ್ತಿಯಲ್ಲಿ ಹೊಗಳಿದ್ದು ಇದನ್ನೇ. ಹೊಗಳಿದವರು ಬಿಟ್ಟ ಭಾಗವನ್ನು ನಾನು ಸೇರಿಸುತ್ತೇನೆ. ಒಮ್ಮೆ ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ದೊಡ್ಡ ಪೈಪು ಒಡೆದು, ಇಡೀ ಸಾಲಿಗೆ ನೀರು ನಿಂತಿತ್ತು. ಅಗೆಯುವವರು ಎರಡು ದಿನ ತಪ್ಪು ಜಾಗದಲ್ಲಿ ಅಗೆದರು. ಫಿಟ್ಟರಪ್ಪ ತಮ್ಮ ಜಗುಲಿಯ ಮೇಲೆ ಕೂತು ಕಡಲೇಕಾಯಿ ಬಿಡಿಸುತ್ತ ನೋಡುತ್ತಿದ್ದರು. ಮೂರನೆಯ ದಿನ ಅಗೆಯುವವರ ಮೇಸ್ತ್ರಿಯೇ ಬಂದು ಕೈಮುಗಿದ. ಆಗ ಸಿಪ್ಪೆ ಕೊಡವಿ ಎದ್ದು, ಕೋಲು ತಂದು, ಐದು ನಿಮಿಷದಲ್ಲಿ ರಸ್ತೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರು. ಅದರ ಕೆಳಗೇ ಒಡೆದಿತ್ತು.

"ಮೊದಲ ದಿನವೇ ಹೇಳಬಾರದಿತ್ತೇ?" ಅಂತ ನಮ್ಮ ಯಜಮಾನರು ಕೇಳಿದ್ದಕ್ಕೆ, "ಕೇಳಿದ್ರೆ ಹೇಳ್ತಿದ್ದೆ ಸ್ವಾಮಿ" ಅಂದರು.

ಅವರ ಸ್ವಭಾವ ಅಷ್ಟೇ. ಬಂದು ಕೇಳಬೇಕು. ಅಲ್ಲಿಯವರೆಗೆ ಎರಡು ದಿನ ಬೀದಿಯ ಮಕ್ಕಳು ಒಣಗಿದ ಬಾಯಲ್ಲಿ ಸ್ಕೂಲಿಗೆ ಹೋದರೂ ಸರಿಯೇ.

ನಾವು ರಾಜಾಜಿನಗರಕ್ಕೆ ಬಂದದ್ದು ನಲ್ಲಿಗಾಗಿ. ಆಗ ಬಡಾವಣೆ ಹೊಸದು. ಕಲ್ಲು ನೆಟ್ಟು ಸೈಟು ಹಂಚಿದ್ದರು, ಮನೆಗಿಂತ ಮುಳ್ಳುಗಿಡವೇ ಹೆಚ್ಚು. ಅದಕ್ಕೆ ಮುಂಚೆ ಪೇಟೆಯ ಒಂದು ವಠಾರದ ಮಹಡಿಯಲ್ಲಿದ್ದೆವು. ಕೆಳಗಿನ ಬೀದಿ ನಲ್ಲಿಯಿಂದ ನೀರು ಹೊತ್ತು ಮೆಟ್ಟಿಲು ಹತ್ತಬೇಕು. ಅಲ್ಲಿ ನನಗೆ ಮೊದಲನೆಯ ಬಸಿರು ನಾಲ್ಕು ತಿಂಗಳಿಗೆ ಹೋಯಿತು. ಲೇಡಿ ಡಾಕ್ಟರು ನಮ್ಮವರನ್ನು ಕೂರಿಸಿಕೊಂಡು, "ಮುಂದಿನ ಸಲ ಇವರು ಒಂದು ಬಿಂದಿಗೆ ಎತ್ತಿದರೂ ನನ್ನ ಹತ್ತಿರ ಬರಬೇಡಿ" ಅಂದಿದ್ದರು. ಎರಡನೆಯದು ನಿಂತಾಗ ನಮ್ಮವರು ಊರೆಲ್ಲ ಹುಡುಕಿ, ಒಳಗೇ ನಲ್ಲಿ ಹಾಕಿಸಿಕೊಳ್ಳಬಹುದು ಅಂತ ಈ ಮನೆ ಹಿಡಿದರು. ನೀರಿನ ದೊಡ್ಡ ಪೈಪು ಮುಂದಿನ ರಸ್ತೆಯಲ್ಲಿ. ಹಿಂದಿನ ಮನೆಗೆ ಬರಬೇಕಾದರೆ ಫಿಟ್ಟರಪ್ಪನ ಅಂಗಳ ದಾಟಿ, ಅವರ ಪೈಪಿಗೇ ನಮ್ಮದನ್ನು ಕೂಡಿಸಬೇಕು. ಒಪ್ಪಿಗೆಯನ್ನೂ ಕೊಟ್ಟರು, ತಾವೇ ಕೂಡಿಸಿಕೊಡುತ್ತೇನೆ ಅಂತಲೂ ಅಂದರು. ಆ ಒಂದು ದಿನ ನಾನೂ ಅವರನ್ನು ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ.

ಆ ದಿನ ಅವರು ಮಾಡಿದ ಕೆಲಸವನ್ನು ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪೂರ್ತಿ ನೋಡಿದೆ. ಅವರ ಅಂಗಳದಲ್ಲಿ ಹೂತಿದ್ದದ್ದು ಸೀಸದ ಪೈಪು, ಹಳೇ ಪೇಟೆಯಲ್ಲಿ ಕಿತ್ತುಹಾಕಿದ್ದನ್ನು ಕೊಂಡು ತಂದದ್ದು. ಅದರ ತುದಿ ನಮ್ಮ ಗೋಡೆಯ ಬುಡದಲ್ಲಿ ಒಂದೂವರೆ ಮೊಳ ಎತ್ತರಕ್ಕೆ ಎದ್ದಿತ್ತು. ನಮ್ಮವರು ತಂದದ್ದು ಸತುವಿನ ಲೇಪದ ಕಬ್ಬಿಣದ ಪೈಪು. ಎರಡೂ ಒಂದಕ್ಕೊಂದು ಕೂಡುವುದಿಲ್ಲ.

"ನೋಡಿ ಕಾನ್ವೆಂಟಮ್ಮ" ಅಂದರು. ಬಂದ ವಾರದಲ್ಲೇ ನನಗೆ ಆ ಹೆಸರಿಟ್ಟಿದ್ದರು. "ಈ ಸೀಸ ಇದೆಯಲ್ಲ, ಬೆಣ್ಣೆ. ತಿರುಪು ಕೊರೆದ್ರೆ ನಿಲ್ಲಲ್ಲ. ಕಬ್ಬಿಣಕ್ಕೆ ತಿರುಪೊಂದೇ ಗೊತ್ತಿರೋದು, ಬೆಸುಗೆ ನಂಬಕ್ಕಾಗಲ್ಲ. ಎರಡೂ ಒಳ್ಳೇ ಮನೆತನವೇ, ಆದ್ರೆ ನೇರವಾಗಿ ಮಾತುಕತೆ ಆಗಲ್ಲ. ಮಧ್ಯ ಒಬ್ಬ ಬ್ರೋಕರ್ ಬೇಕು. ಇವನೇ ಬ್ರೋಕರ್."

ಅಂದು ಜೇಬಿನಿಂದ ಒಂದು ಹಿತ್ತಾಳೆಯ ಸಾಮಾನು ತೆಗೆದರು. ಯೂನಿಯನ್ ಅನ್ನುತ್ತಾರೆ. ಮೂರು ತುಂಡು. ಒಂದು ತುಂಡನ್ನು ಸೀಸಕ್ಕೆ ಬೆಸೆಯಬೇಕು, ಒಂದನ್ನು ಕಬ್ಬಿಣಕ್ಕೆ ತಿರುಗಿಸಬೇಕು, ಮೂರನೆಯದು ದಪ್ಪ ನಟ್ಟು, ಎರಡನ್ನೂ ಎಳೆದು ಬಿಗಿಯುತ್ತದೆ. ಎರಡರ ನಡುವೆ ಬಳೆಯಂಥ ಒಂದು ವಾಷರ್ ಕೂರಬೇಕು, ಇಲ್ಲದಿದ್ದರೆ ಸೋರುತ್ತದೆ. ಬೆಸುಗೆಗೆ ಮುಂಚೆ ನನ್ನನ್ನು ಒಂದು ಮೇಣದಬತ್ತಿ ಕೇಳಿದರು. ಕಾನ್ವೆಂಟಿನಿಂದ ತಂದಿಟ್ಟುಕೊಂಡಿದ್ದ ಒಂದು ತುಂಡು ಕೊಟ್ಟೆ. ದಪ್ಪ ಬಟ್ಟೆಗೆ ಅದನ್ನು ತಿಕ್ಕಿ, ಕರಗಿದ ಬೆಸುಗೆಯನ್ನು ಬಿಸಿ ಇರುವಾಗಲೇ ಆ ಬಟ್ಟೆಯಿಂದ ಸವರಿ ಸವರಿ, ಎಳೆಯ ಬದನೆಕಾಯಿಯಷ್ಟು ನುಣ್ಣಗೆ ಮಾಡಿದರು. ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ. ನಟ್ಟಿನ ಹತ್ತಿರ ಬಂದಾಗ ಮಾತ್ರ ಅವರ ಬೆನ್ನು ನನಗೆ ಅಡ್ಡವಾಗಿತ್ತು. ನಡುವೆ ಏನಿಟ್ಟರು ಅನ್ನುವುದನ್ನು ನಾನು ನೋಡಲಿಲ್ಲ.

ನೀರು ಬಂತು. ಅವರು ಹೆಬ್ಬೆರಳಿನಿಂದ ನಲ್ಲಿಯ ಬಾಯಿ ಒತ್ತಿ, ರಭಸ ನೋಡಿ, ತಲೆಯಾಡಿಸಿದರು. ಆಮೇಲೆ ಗೋಣಿಚೀಲಕ್ಕೆ ಸಾಮಾನು ತುಂಬತೊಡಗಿದರು.

ಆಗ ನಮ್ಮ ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಹುಣಿಸೇಹಣ್ಣು. ಫಿಟ್ಟರಪ್ಪ ಇನ್ನೂ ಅಲ್ಲೇ ಇದ್ದಾರೆ, ಚೀಲದ ಬಾಯಿ ಕಟ್ಟುತ್ತಿದ್ದಾರೆ. ಅತ್ತೆ ಅವರ ಎದುರಿಗೇ ನಲ್ಲಿಯನ್ನು ಹುಣಿಸೇಹಣ್ಣಿನಲ್ಲಿ ತಿಕ್ಕಿದರು, ಅವರು ಮುಟ್ಟಿದ ಪೈಪಿಗೆಲ್ಲ ನೀರು ಚಿಮುಕಿಸಿದರು, ಅವರು ಕೂತಿದ್ದ ಕಲ್ಲಿಗೆ ಸಗಣಿ ಬಳಿದರು. ಇಷ್ಟೂ ಆದ ಮೇಲೆ, ಅವರ ಮುಖ ನೋಡದೆ ಕೇಳಿದರು.

"ಏನಪ್ಪಾ, ನಡುವೆ ತೊಗಲು ಗಿಗಲು ಹಾಕಿಲ್ಲ ತಾನೆ? ನಿಮ್ಮಂಥೋರಿಗೆ ಅದೆಲ್ಲ ಗೊತ್ತಾಗಲ್ಲ, ಅದಕ್ಕೆ ಕೇಳಿದೆ."

ಆ ಕಾಲದಲ್ಲಿ ನಲ್ಲಿಗಳಿಗೆ ತೊಗಲಿನ ವಾಷರ್ ಹಾಕುತ್ತಿದ್ದದ್ದು ನಿಜ. ಮಡಿಯ ಮನೆಗಳಲ್ಲಿ ಅದೊಂದು ದೊಡ್ಡ ಭಯ. ತೊಗಲು ತಾಕಿ ಬಂದ ನೀರಿನಲ್ಲಿ ದೇವರಿಗೆ ಬೇಯಿಸುವುದು ಹೇಗೆ?

ಫಿಟ್ಟರಪ್ಪನ ಕೈಯಲ್ಲಿ ಚೀಲದ ದಾರ ಅರ್ಧ ಗಂಟಾಗಿ ನಿಂತಿತು. ಗಂಟು ಮುಗಿಸಿ, ಹೆಗಲಿಗೆ ಚೀಲ ಏರಿಸಿ, ಬಹಳ ಮರ್ಯಾದೆಯಿಂದ ಹೇಳಿದರು.

"ಹಾಕಿದೀನಮ್ಮ. ಎಮ್ಮೆ ತೊಗಲು. ಚೆನ್ನಾಗಿ ನೆನ್ಸಿ ಹಾಕಿದೀನಿ."

ಹೋದರು. ಅತ್ತೆ ಅಂದೇ ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿದರು. ಆ ನೀರು ಅಡುಗೆಗೆ ಬೇಡ, ಸ್ನಾನಕ್ಕೆ ಬೇಡ, ತುಳಸಿಗೂ ಬೇಡ. ನೀರು ಅಂದರೆ ಇನ್ನು ಕುರುಬರಹಳ್ಳಿ ಕಡೆಯ ತೋಟದ ಬಾವಿಯದು. ಹೊರಲು ಆಳು ಇಡೋಣವೆಂದರೆ, ಆಳು ತಂದದ್ದು ಮಡಿಯಲ್ಲ. ನಮ್ಮವರು ಆಫೀಸಿಗೆ ಹೋಗುವ ಮುಂಚೆ ಸ್ನಾನದ ನೀರು ತಂದು ಹಾಕುತ್ತಿದ್ದರು, ಆದರೆ ಅಡುಗೆಗೂ ದೇವರಿಗೂ ಒದ್ದೆ ಸೀರೆಯುಟ್ಟ ಹೆಂಗಸೇ ತರಬೇಕು. ಅತ್ತೆಗೆ ಮಂಡಿ ನೋವು. ಉಳಿದವಳು ನಾನು. ಆಗ ನನಗೆ ಐದು ತಿಂಗಳು.

ಯಜಮಾನರು ಅಂದು ಸಂಜೆಯೇ ಮುಂದಿನ ಮನೆಗೆ ಹೋಗಿ, ತೊಗಲು ತೆಗೆದು ಬೇರೆ ಏನಾದರೂ ಹಾಕಿಕೊಡಿ ಅಂತ ಕೇಳಿದರು.

"ನಿಮ್ಮ ತಾಯೀನ ಕಳ್ಸಿ ಸ್ವಾಮಿ. ಬಾಗಿಲಿಗೆ ಬಂದು ಅವರೇ ಕೇಳ್ಲಿ."

"ಅವನ ಬಾಗಿಲಿಗೆ ನಾನೇ?" ಅಂದರು ಅತ್ತೆ. ಅಲ್ಲಿಗೆ ಆ ದಾರಿ ಮುಚ್ಚಿತು.

ನಮ್ಮವರು ಶ್ರೀರಾಮಪುರದಿಂದ ಇನ್ನೊಬ್ಬ ಫಿಟ್ಟರನ್ನು ಕರೆತಂದರು. ಅವನು ಸ್ಪ್ಯಾನರ್ ಕೈಗೆತ್ತಿಕೊಂಡವನು ಆ ನುಣ್ಣನೆಯ ಬೆಸುಗೆ ನೋಡಿ, "ಇದು ಯಾರ ಕೈ ಸಾರ್?" ಅಂದ. ಹೇಳಿದೆವು. ಸ್ಪ್ಯಾನರನ್ನು ಚೀಲಕ್ಕೆ ವಾಪಸು ಹಾಕಿಕೊಂಡ. "ನಮಗೆಲ್ಲ ಕೆಲಸ ಕಲಿಸಿದೋರು ಸಾರ್ ಅವರು. ಅವರು ಹಾಕಿದ ಜಾಯಿಂಟಿಗೆ ಅವರಿರೋವಾಗ ನಾನು ಕೈ ಹಚ್ಚಲ್ಲ. ತಪ್ಪು ತಿಳೀಬೇಡಿ." ಫಿಟ್ಟರಪ್ಪ ಜಗುಲಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ಕಡಲೇಕಾಯಿ ಮಾತ್ರ ಇರಲಿಲ್ಲ.

ಕೊನೆಗೆ ನಾನೇ ಹೋದೆ. ಅತ್ತೆಗೆ ತಿಳಿಯದ ಹಾಗೆ, ಸೊಪ್ಪಿನವಳನ್ನು ಕರೆಯುವ ನೆಪದಲ್ಲಿ. ಗೇಟಿನ ಹತ್ತಿರ ನಿಂತು ಹೇಳಿದೆ, "ನನಗೆ ಬಿಂದಿಗೆ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ಒಂದು ಸಲ ಹೋಗಿದೆ. ದಯವಿಟ್ಟು ಬದಲಾಯಿಸಿ." ಬೇರೆ ಗಂಡಸರ ಮುಂದೆ ಆ ಮಾತು ಆಡಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು.

ಅವರು ನನ್ನ ಕಾಲ ಹತ್ತಿರದ ನೆಲ ನೋಡುತ್ತ, "ಕಾನ್ವೆಂಟಲ್ಲಿ ಕಲ್ತೋರಲ್ವೇ ನೀವು? ಅವತ್ತು ಕೂತು ನೋಡ್ತಿದ್ರಲ್ಲ. ನಿಮ್ಮತ್ತೆಗೆ ಒಂದು ಮಾತು ಹೇಳಕ್ಕಾಗ್ಲಿಲ್ವೇ?" ಅಂದರು. ಆಮೇಲೆ ಅವರೇ ಮುಂದುವರಿಸಿದರು. "ಸೋರದ ಜಾಯಿಂಟು ನಾನು ಬಿಚ್ಚಲ್ಲ ಕಾನ್ವೆಂಟಮ್ಮ. ನಲವತ್ತು ವರ್ಷದಿಂದ ಬಿಚ್ಚಿಲ್ಲ. ಸೋರಿದ್ರೆ ಹೇಳಿ, ಬರ್ತೀನಿ."

ಇದನ್ನು ದಯವಿಟ್ಟು ಗಮನದಲ್ಲಿ ಇಡಿ. ಅವರಿಗೆ ಗೊತ್ತಿತ್ತು. ನನ್ನ ಬಾಯಿಂದಲೇ ಕೇಳಿದ್ದರು.

ಆಮೇಲೆ ದಿನಾ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಬಿಂದಿಗೆ ಹೊತ್ತು ಅವರ ಜಗುಲಿಯ ಮುಂದೆಯೇ ನಾನು ಹಾದುಹೋಗಬೇಕು. ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಡುತ್ತಿದ್ದರು. ಒಂದು ದಿನ, "ಕಂಠದವರೆಗೂ ತುಂಬಿಸ್ಬೇಡಿ, ಭಾರ" ಅಂದರು. ಅದನ್ನು ಕರುಣೆ ಅಂತ ತಿಳಿಯಬೇಕಿತ್ತೋ ಏನೋ. ನನಗೆ ಆ ಬಿಂದಿಗೆಯನ್ನು ಅವರ ಖಾಕಿ ಅಂಗಿಯ ಮೇಲೆ ಬಗ್ಗಿಸಬೇಕು ಅನ್ನಿಸಿತು. ಬಗ್ಗಿಸಲಿಲ್ಲ. ಮತ್ತೆ ಬಾವಿಗೆ ಹೋಗಬೇಕಾಗುತ್ತಿತ್ತು.

ಆರನೆಯ ತಿಂಗಳಲ್ಲಿ ಒಂದು ದಿನ ಅತ್ತೆ ಪುರಾಣ ಕೇಳಲು ಮಲ್ಲೇಶ್ವರಕ್ಕೆ ಹೋಗಿದ್ದರು. ನನಗೆ ಬೆಳಗಿನಿಂದ ಸೊಂಟ ಸೆಳೆಯುತ್ತಿತ್ತು. ಬಾವಿಯ ದಾರಿ ನೆನೆದರೆ ಕಣ್ಣಲ್ಲಿ ನೀರು ಬಂತು. ನಲ್ಲಿಯ ಬಟ್ಟೆ ಬಿಚ್ಚಿದೆ. ಹಿತ್ತಾಳೆ ಬಿಂದಿಗೆಯನ್ನು ಕೆಳಗಿಟ್ಟು, ಸದ್ದಾಗದ ಹಾಗೆ ಸಣ್ಣ ಧಾರೆಯಲ್ಲಿ ತುಂಬಿಸಿದೆ. ಬಟ್ಟೆಯನ್ನು ಮೊದಲಿನ ಹಾಗೇ, ಅದೇ ಗಂಟು ಹಾಕಿ ಕಟ್ಟಿದೆ. ಆ ನೀರಿನಲ್ಲಿ ಅನ್ನ ಮಾಡಿದೆ, ಸಾರು ಮಾಡಿದೆ. ದೇವರ ಮುಂದೆಯೂ ಇಟ್ಟೆ. ಅನ್ನ ಅನ್ನದ ಹಾಗೇ ಇತ್ತು.

ಸಂಜೆ ಅತ್ತೆ ಗೇಟು ತೆಗೆದು ಒಳಗೆ ಬರುತ್ತಿದ್ದಾರೆ. ಫಿಟ್ಟರಪ್ಪ ತಮ್ಮ ಅಂಗಳದಲ್ಲಿ ಕೋಲು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಅಡುಗೆಮನೆಯಲ್ಲಿದ್ದ ನನಗೂ ಕೇಳುವ ಹಾಗೆ ಅಂದರು.

"ಇವತ್ತು ನಿಮ್ಮ ನಲ್ಲಿ ಓಡ್ತು ಕಣಮ್ಮಾ. ಒಂದು ಬಿಂದಿಗೆಯಷ್ಟು. ನಮ್ಮ ತೊಗಲಿನ ನೀರು ರುಚಿಯಾಗಿತ್ತಾ?"

ಅವರಿಗೆ ಅತ್ತೆಯನ್ನು ಚುಚ್ಚಬೇಕಿತ್ತು, ಚುಚ್ಚಿದರು. ಅತ್ತೆ ನೇರ ಒಳಗೆ ಬಂದು ಅನ್ನದ ತಪ್ಪಲೆಯನ್ನು ಹಿತ್ತಲಿಗೆ ಸುರಿದರು. ಸಾರು ಸುರಿದರು. ದೇವರ ಪೆಟ್ಟಿಗೆಯಿಂದ ಸೌಟಿನವರೆಗೆ ಎಲ್ಲವನ್ನೂ ಹೊರಗಿಟ್ಟರು. ಮಾರನೆಯ ಬೆಳಿಗ್ಗೆ ಇಡೀ ಮನೆ ತೊಳೆಯಲು ಬಾವಿಯ ನೀರು ಬೇಕಿತ್ತು. ನಮ್ಮವರು ಹೊತ್ತರು, ಆಫೀಸಿನ ಹೊತ್ತಾಯಿತು, ಹೋದರು. ಅಡುಗೆಮನೆಗೆ ಬೇಕಾದದ್ದನ್ನು ನಾನು ಹೊತ್ತೆ. ಎಷ್ಟು ಸಲ ಹೋಗಿಬಂದೆ ಅಂತ ನೆನಪಿಲ್ಲ. ಬಾವಿಯ ಕಟ್ಟೆಯ ಮೇಲೆ ಯಾರೋ ಒಣಹಾಕಿದ್ದ ಮೆಣಸಿನಕಾಯಿಯ ಕೆಂಪು ನೆನಪಿದೆ.

ಅದರ ಮೂರನೆಯ ದಿನ ಆಸ್ಪತ್ರೆ. ಹೆಣ್ಣು ಮಗು. ಉಸಿರು ಇರಲಿಲ್ಲ. ಲೇಡಿ ಡಾಕ್ಟರು ನನ್ನ ಅಂಗೈ ತಿರುಗಿಸಿ, ಹಗ್ಗದ ಗುರುತು ನೋಡಿ, ಮೆತ್ತಗೆ ಮಡಿಚಿ ಹೊದಿಕೆಯ ಮೇಲೆ ಇಟ್ಟರು.

ಅತ್ತೆಯ ಮೇಲೆ ಸಿಟ್ಟು ಬರಲಿಲ್ಲವೇ ಅಂತ ನೀವು ಕೇಳಬಹುದು. ಬಂತು. ಆದರೆ ಅತ್ತೆ ತಾವು ನಂಬಿದ್ದಕ್ಕೆ ಬದ್ಧರಾಗಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಮಂಡಿ ಹಿಡಿದುಕೊಂಡು ತಾವೇ ಬಾವಿಗೆ ಹೋಗತೊಡಗಿದರು. ಹೋದಷ್ಟು ದಿನ ಹೋದರು, ಆಮೇಲೆ ಮಲಗಿದರು. ಅವರು ತೀರಿಕೊಂಡ ಮೇಲೆ ನಲ್ಲಿಯ ಬಟ್ಟೆಯನ್ನು ನಾನೇ ಬಿಚ್ಚಿ ಒಲೆಗೆ ಹಾಕಿದೆ. ತೊಗಲಾದರೆ ತೊಗಲು. ಮರುವರ್ಷ ಮಗ ಹುಟ್ಟಿದ, ಆ ನೀರಿನಲ್ಲೇ ಅವನಿಗೆ ಎರೆದೆ.

ನನ್ನ ಹೆಣ್ಣು ಮಗು ಹೋದ ನಂತರ ಫಿಟ್ಟರಪ್ಪ ನಮ್ಮ ಪೈಪಿಗೆ ಕೋಲು ಇಡುವುದನ್ನು ಬಿಟ್ಟರು ಅಂತ ಅವರ ಹೆಂಡತಿ ಒಮ್ಮೆ ಹೇಳಿದರು. ಬಿಟ್ಟರೇನು, ಇಟ್ಟರೇನು. ನನ್ನ ಮಗ ನಡೆಯಲು ಕಲಿತಾಗ, ಸೀಸದ ಚೂರು ಕರಗಿಸಿ ಮಾಡಿದ ಒಂದು ಪುಟ್ಟ ಆನೆಯನ್ನು ಅವನ ಕೈಗೆ ಕೊಟ್ಟಿದ್ದರು. ಸೊಂಡಿಲ ಮೇಲಿನ ಗೆರೆಗಳನ್ನೂ ಕೊರೆದಿದ್ದರು. ನಾನು ಅದನ್ನು ತೊಳೆದು, ಒರೆಸಿ, ಅವರ ಜಗುಲಿಯ ಮೇಲೆ ವಾಪಸು ಇಟ್ಟೆ. "ಮಗು ಬಾಯಿಗೆ ಹಾಕಿಕೊಳ್ಳುತ್ತಾನೆ, ಬೇಡ" ಅಂದೆ. ಅಷ್ಟೇ ಮರ್ಯಾದೆಯಿಂದ ಅಂದೆ, ಅವರು ಎಮ್ಮೆ ತೊಗಲು ಅಂದಷ್ಟು.

ಈಗ ತಿಥಿಯ ದಿನಕ್ಕೆ ಬರುತ್ತೇನೆ. ಊಟವಾಗಿ ಕೈತೊಳೆದು ಬರುವಾಗ, ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಕೂತು ಅವರ ಸಾಮಾನು ಬೇರೆ ಮಾಡುತ್ತಿದ್ದರು. ಆ ಟೈರಿನ ಮೆಟ್ಟು ಒಂದು ಮೂಲೆಯಲ್ಲಿತ್ತು. ಹಿಮ್ಮಡಿಯ ಕಡೆ ಸವೆದು ತೂತಾಗಿತ್ತು. ಏನಾದರೂ ಮಾತಾಡಬೇಕಲ್ಲ ಅಂತ, "ಒಂದು ಜೊತೆ ಒಳ್ಳೇ ಚಪ್ಪಲಿ ಹಾಕ್ಕೊಳ್ಳಲಿಲ್ಲ ಪಾಪ" ಅಂದೆ.

"ಎಲ್ಲಿ ಹಾಕ್ಕೊಳ್ತಾರೆ ಅಮ್ಮಾವ್ರೇ? ನಮ್ಮ ಮನೆದೇವರ ಕಟ್ಟು. ಇವರ ಕಡೆಯ ಗಂಡಸರು ತೊಗಲು ಮುಟ್ಟಂಗಿಲ್ಲ. ಚಪ್ಪಲಿ ಇಲ್ಲ, ಬೆಲ್ಟಿಲ್ಲ. ಕೆಲಸದಲ್ಲೂ ಅಷ್ಟೇ. ಆಫೀಸಿಂದ ತೊಗಲಿನ ವಾಷರ್ ಕೊಟ್ಟರೆ ಬೇರೆಯೋರಿಗೆ ಕೊಟ್ಟುಬಿಟ್ಟು, ತಾವು ಸೀಸದ್ದು ಕತ್ತರಿಸಿ ಹಾಕೋರು. ಎಲ್ಲರೂ ನಗೋರು."

ನಾನು ಅಲ್ಲೇ ಕೂತೆ.

"ಆ ದೊಡ್ಡ ಸ್ಪ್ಯಾನರು ಒಂದು ಗಳಿಗೆ ಕೊಡ್ತೀರಾ?" ಅಂದೆ. ಅವರು ಏಕೆ ಅಂತ ಕೇಳದೆ ಕೊಟ್ಟರು. ಕೇಳದೆ ಕೊಟ್ಟರು ಅನ್ನುವುದನ್ನೂ ನಾನು ಗಮನಿಸಿದೆ, ಅವರಿಗೆ ಮೊದಲೇ ಗೊತ್ತಿತ್ತೋ ಏನೋ.

ಮುಂದಿನ ಅಂಗಳದ ವಾಲ್ವು ಮುಚ್ಚಿ, ಬಂದು ನಮ್ಮ ಗೋಡೆಯ ಬುಡದಲ್ಲಿ ಕೂತೆ. ಏಳು ವರ್ಷದ ಸುಣ್ಣ ನಟ್ಟಿನ ಮೇಲೆ ಪದರ ಕಟ್ಟಿತ್ತು. ಎರಡೂ ಕೈಯಲ್ಲಿ ಎಳೆದೆ. ಬರಲಿಲ್ಲ. ಕಾಲು ಗೋಡೆಗೆ ಒತ್ತಿ ಎಳೆದೆ. ಕಿರ್ ಅಂತ ಸದ್ದಾಗಿ ತಿರುಗಿತು. ಆಮೇಲೆ ಬೆರಳಿನಿಂದಲೇ ಬಂತು. ನಾಲ್ಕು ಸುತ್ತು.

ಒಳಗೆ ಸೀಸದ ಒಂದು ತೆಳು ಬಳೆ. ಅದೇ ಪೈಪಿನ ತುದಿಯಿಂದ ಕತ್ತರಿಸಿದ್ದು. ಅರ ಹಾಕಿ ಅಂಚು ನಯ ಮಾಡಿದ್ದರು. ಒಂದು ಕಡೆ ಹಳದಿಯಾದ ಮೇಣದ ಪೊರೆ ಇನ್ನೂ ಅಂಟಿತ್ತು, ನಾನು ಕೊಟ್ಟ ಬತ್ತಿಯದು. ತೊಗಲು ಇರಲಿಲ್ಲ. ಎಂದೂ ಇರಲಿಲ್ಲ.

ತಾನು ಮುಟ್ಟದ ವಸ್ತುವನ್ನು ಹಾಕಿದ್ದೀಯಾ ಅಂತ, ತನ್ನ ಮೈಲಿಗೆಯನ್ನು ತನ್ನ ಎದುರಿಗೇ ತೊಳೆದ ಹೆಂಗಸು ಕೇಳಿದಾಗ, ಆ ಮನುಷ್ಯ ಮೈ ಉರಿದು ಅಂದ ಮಾತು ಅದು. ನಾವು ಅದನ್ನು ನಿಜವೆಂದುಕೊಂಡೆವು. ನಾಲ್ಕು ಸುತ್ತು ತಿರುಗಿಸಿ ನೋಡಿದ್ದರೆ ಸಾಕಿತ್ತು. ಆದರೆ ನೋಡಬೇಕಾದರೆ ಮುಟ್ಟಬೇಕು, ಒಳಗಿರುವುದು ತೊಗಲಾದರೆ ಮುಟ್ಟಬಾರದು. ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಟೈರಿನ ಮೆಟ್ಟನ್ನೂ ಬಟ್ಟೆಯ ಪಟ್ಟಿಯನ್ನೂ ಏಳು ವರ್ಷ ದಿನಾ ನೋಡಿದವಳು ನಾನು. ಬುಟ್ಟಿಯಲ್ಲಿದ್ದದ್ದನ್ನೆಲ್ಲ ಹೇಳಬಲ್ಲೆ, ಏನೇನಿದೆ ಅಂತ ಎಣಿಸಿದ್ದೆ ಅಷ್ಟೇ, ಯಾಕಿದೆ ಅಂತ ಯೋಚಿಸಲಿಲ್ಲ.

ಇದು ತಿಳಿದ ಮೇಲೆ ಅವರ ಮೇಲಿನ ಸಿಟ್ಟು ಇಳಿಯಿತೇ? ಇಲ್ಲ, ಏರಿತು. ತೊಗಲು ಇದ್ದಿದ್ದರೆ, ಹಾಕಿದ ಜಾಯಿಂಟು ಬಿಚ್ಚದ ಹಠಮಾರಿ ಅಂದುಕೊಂಡು ಬಿಡುತ್ತಿದ್ದೆ. ಬಿಚ್ಚುವ ಅಗತ್ಯವೇ ಇರಲಿಲ್ಲ. ಗೇಟಿನ ಹತ್ತಿರ ನಾನು ನಿಂತು ಕೇಳಿದಾಗ, "ತೊಗಲಿಲ್ಲಮ್ಮ, ಸೀಸ" ಅಂತ ಎರಡೇ ಮಾತು ಸಾಕಿತ್ತು. ನನ್ನ ಅತ್ತೆಗೆ ಅವರು ಏನು ಬೇಕಾದರೂ ಅನ್ನಬಹುದಿತ್ತು, ಅದಕ್ಕೆ ಅವರಿಗೆ ಹಕ್ಕಿತ್ತು. ಅತ್ತೆ ಅವರ ಎದುರಿಗೆ ಕಲ್ಲಿಗೆ ಸಗಣಿ ಬಳಿಯುವಾಗ ನಾನು ಹೊಸ್ತಿಲಲ್ಲಿ ಸುಮ್ಮನೆ ಕೂತಿದ್ದೆ, ಅದಕ್ಕೆ ನನಗೂ ಏನಾದರೂ ಅನ್ನಬಹುದಿತ್ತು. ಅಂದರು ಕೂಡ. ಆದರೆ ನನ್ನ ಹೊಟ್ಟೆಯಲ್ಲಿದ್ದವಳು ಅವರಿಗೆ ಏನೂ ಮಾಡಿರಲಿಲ್ಲ.

ಬಳೆಯನ್ನು ಮತ್ತೆ ಒಳಗಿಟ್ಟು ನಟ್ಟು ಬಿಗಿದೆ. ವಾಲ್ವು ತೆಗೆದೆ. ಜಾಯಿಂಟಿನ ಕೆಳಗೆ ಒಂದು ಹನಿ ಕೂಡಿಕೊಂಡು ಬಿತ್ತು. ಇನ್ನೂ ಬಿಗಿದೆ. ಇನ್ನೊಂದು ಬಿತ್ತು. ಒಂದು ಸಲ ಒತ್ತಿ ಕೂತ ಸೀಸ ಮತ್ತೆ ಹಾಗೆ ಕೂರುವುದಿಲ್ಲವಂತೆ. ಸೋರದ ಜಾಯಿಂಟು ಬಿಚ್ಚಬಾರದು ಅನ್ನುತ್ತಿದ್ದದ್ದು ಅದಕ್ಕೇ ಇರಬೇಕು. ಅದೊಂದು ವಿಷಯದಲ್ಲಿ ಅವರು ಹೇಳಿದ್ದು ಸರಿ. ಬದುಕಿದ್ದರೆ ಅವರ ಎದುರಿಗೆ ನಾನು ಒಪ್ಪುತ್ತಿರಲಿಲ್ಲ.

ಸೀಸವನ್ನೂ ಕಬ್ಬಿಣವನ್ನೂ ಕೂಡಿಸುವವರು ಈ ಬಡಾವಣೆಯಲ್ಲಿ ಈಗ ಯಾರೂ ಇಲ್ಲ. ಹೊಸ ಹುಡುಗರಿಗೆ ಬರೀ ಕಬ್ಬಿಣದ ಕೆಲಸ ಗೊತ್ತು. ಶ್ರೀರಾಮಪುರದವನನ್ನು ನಾನಿನ್ನೂ ಕರೆಸಿಲ್ಲ. ಜಾಯಿಂಟಿನ ಕೆಳಗೆ ಆ ಹಳೆಯ ಹಿತ್ತಾಳೆ ಬಿಂದಿಗೆಯನ್ನು ಇಟ್ಟಿದ್ದೇನೆ. ದಿನಕ್ಕೊಂದು ಸಲ ಕಂಠದವರೆಗೆ ತುಂಬುತ್ತದೆ. ನಾನೇ ಎತ್ತಿ ಸುರಿಯುತ್ತೇನೆ.